ಮಣ್ಣಿನವರಿಗೂ ಮಡಕೆಯವರಿಗೂ ಏನು ಸಂಬಂಧ?

"ನೀವು ಮಣ್ಣು ಪರೀಕ್ಷೆ ಮಾಡೋರು, ಅವರು ಹಳೇ ಮಡಕೆ ಚೂರು ಹುಡುಕೋರು. ನಿಮ್ಮಿಬ್ಬರ ದೋಸ್ತಿ ಹ್ಯಾಂಗ ಆತು?" ಬಾಗಲಕೋಟೆಯಲ್ಲಿ ನನ್ನನ್ನು ಹೀಗೆ ಕೇಳದವರು ಕಡಿಮೆ. ಜಗಳದಿಂದ ಆಯಿತು.

ಮಲಪ್ರಭೆ ದಂಡೆಯ ಒಂದು ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಮಣ್ಣಿನ ಪದರ ನೋಡಲು ನಾನು ಗುಂಡಿ ತೋಡಿಸಿದ್ದೆ. ಅದೇ ಹೊಲದಲ್ಲಿ ಈ ಪುರಾತತ್ವದ ಗೆಳೆಯರು ಹಳೇ ಮಡಕೆ ಚೂರು ಆಯುತ್ತಿದ್ದರು. ಗುಂಡಿಯ ಗೋಡೆಯಲ್ಲಿ, ಎರಡಡಿ ಕೆಳಗೆ, ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಒಂದು ಚೂರು ಕಂಡಿತು. "ಇಷ್ಟು ಆಳದಾಗ ಅಂದ್ರ ಇದು ಇಲ್ಲೇ ಕೂತದ್ದು, ಕದಲಿಲ್ಲ" ಎಂದು ಅವರು ಹಿಗ್ಗಿದರು. ಚೂರಿಗಿಂತ ಗೇಣು ಕೆಳಗೆ ನಾನು ಬೆರಳು ತೋರಿಸಿದೆ. ಗುಟ್ಕಾ ಚೀಟಿಯ ತುದಿ ಮಿಂಚುತ್ತಿತ್ತು.

ಎರೆಯ ಚಾಳಿಯೇ ಅದು. ಅದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಬಿರುಕು ಮೂರಡಿ ಇಳಿದರೂ ಆಶ್ಚರ್ಯವಿಲ್ಲ. ಮೇಲಿನದೆಲ್ಲ ಅದರೊಳಗೆ ಉದುರುತ್ತದೆ. ಮಳೆ ಬಿದ್ದಾಗ ಉದುರಿದ ಮಣ್ಣಿಗೂ ಉಬ್ಬಲು ಜಾಗ ಬೇಕಲ್ಲ? ಒಂದನ್ನೊಂದು ತಳ್ಳುತ್ತಾ ಕೆಳಗಿನದು ಮೇಲೇರುತ್ತದೆ. ಎತ್ತು ನೇಗಿಲು ಇಲ್ಲದೆ ತನ್ನನ್ನು ತಾನೇ ಉಳುವ ಮಣ್ಣು. ಕೆಳಗಿದ್ದದ್ದೆಲ್ಲ ಹಳೆಯದು ಎನ್ನುವ ಲೆಕ್ಕವನ್ನು ಇಲ್ಲಿ ಸುಮ್ನೆ ನಂಬುವಂತಿಲ್ಲ. ಅವತ್ತು ಬುತ್ತಿ ಬಿಚ್ಚಿದಾಗಲೂ ಅವರು ಮಾತಾಡಲಿಲ್ಲ.

ಆಮೇಲೆ ನನ್ನ ಸರದಿ. ಒಂದು ದಿನ್ನೆಯ ಮಗ್ಗುಲಿನ ಹೊಲದ ಮಣ್ಣು ಪರೀಕ್ಷೆಯಲ್ಲಿ ರಂಜಕ (ಫಾಸ್ಫರಸ್) ವಿಪರೀತ ಬಂತು. ರಂಜಕದ ಗೊಬ್ಬರ ಡಿಎಪಿ ಜಾಸ್ತಿ ಸುರಿದಿದ್ದೀರಿ ಎಂದು ರೈತರಿಗೆ ಬೈದೇಬಿಟ್ಟೆ. "ಕೆಳಗಿನ ಮಣ್ಣೂ ನೋಡ್ರಿ, ಇದು ಹಾಳೂರು" ಎಂದರು ಗೆಳೆಯರು. ಗೊಬ್ಬರದ ರಂಜಕ ಹೆಚ್ಚಾಗಿ ಮೇಲಿನ ಗೇಣಿನಲ್ಲೇ ನಿಲ್ಲುತ್ತದೆ. ಮೂರಡಿ ಕೆಳಗಿನ ಚಿಟಿಕೆ ಮಣ್ಣನ್ನು ಸೋಸುಕಾಗದದ ಮೇಲಿಟ್ಟು ಮಾಲಿಬ್ಡೇಟ್ ದ್ರಾವಣದ ಹನಿ ಹಾಕಿದೆ, ಮೇಲೆ ವಿಟಮಿನ್ ಸಿ ದ್ರಾವಣದ್ದು. ರಂಜಕ ಇದ್ದರೆ ನೀಲಿಯಾಗಬೇಕು. ಮಣ್ಣಿನ ಸುತ್ತ ನೀಲಿ ಹಬ್ಬಿತು, ಶಾಯಿ ಚೆಲ್ಲಿದ ಹಾಗೆ. ಜನ, ದನ ಇದ್ದ ಕಡೆ ಸಗಣಿ, ಬೂದಿ, ಎಲುಬು ಬೀಳುತ್ತಲೇ ಇರುತ್ತವೆ. ಅದರಲ್ಲಿನ ಸಾರಜನಕ ಉಳಿಯುವುದು ಕಡಿಮೆ. ರಂಜಕ ಮಾತ್ರ ನಮ್ಮ ಸುಣ್ಣದ ಮಣ್ಣನ್ನು ಅಪ್ಪಿಕೊಂಡು ಕೂತುಬಿಡುತ್ತದೆ. ರೈತರ ಬಳಿ ತಪ್ಪಾಯಿತು ಎಂದೆ.

ಸ್ವೀಡನ್‌ನಲ್ಲಿ ಓಲೋಫ್ ಅರ್ಹೀನಿಯಸ್ 1920ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದರು. ಪಿಯುಸಿ ಕೆಮಿಸ್ಟ್ರಿಯಲ್ಲಿ ಬರುವ ಅರ್ಹೀನಿಯಸ್ ಇವರ ಅಪ್ಪ. ಸಕ್ಕರೆ ಬೀಟ್ ಬೆಳೆಯಲು ಹೊಲಗಳ ಮಣ್ಣು ಪರೀಕ್ಷಿಸುವಾಗ, ಹಿಂದೆ ಜನ ನೆಲೆಸಿದ್ದ ಕಡೆ ರಂಜಕ ಎದ್ದು ಕಂಡಿತು. ಕಬ್ಬಿನ ಸೀಮೆಯ ನಮಗೆ ಹೇಳಿ ಮಾಡಿಸಿದ ಕಥೆ, ಅಲ್ವಾ?

ಒಂದು ಜಗಳ ಮಾತ್ರ ಇನ್ನೂ ಹರಿದಿಲ್ಲ. ಹಾಳೂರ ದಿನ್ನೆಯ ಮಣ್ಣನ್ನು ರೈತರು ಹೊಲಕ್ಕೆ ಹೇರುತ್ತಾರೆ. ಬೆಳೆಗೆ ಒಳ್ಳೆಯದೇ ಎನ್ನುತ್ತೇನೆ ನಾನು. ಹೇರಿದ ಮೇಲೆ ನಾನೇನು ನೋಡಲಿ ಎನ್ನುತ್ತಾರೆ ಅವರು. ಮೊನ್ನೆ ಗುಂಡಿಯ ಎರಡು ದಂಡೆಗೆ ನಿಂತು ಇದನ್ನೇ ವಾದಿಸುತ್ತಿದ್ದೆವು. ಹೊಲದ ಅಜ್ಜ ಕೇಳಿಸಿಕೊಂಡು ಕೇಳಿಸಿಕೊಂಡು ಸಾಕಾಗಿ ಅಂದರು: "ಆಮ್ಯಾಲ ಜಗಳಾಡ್ರಿ. ಮೊದಲ ಈ ಗುಂಡಿ ಮುಚ್ರಿ, ನಮ್ಮ ಎತ್ತು ಬಿದ್ದೀತು."