ಕಠ್ಮಂಡು: ಒಂದು ದಿನ ಬಸ್ಸಿನಲ್ಲಿ, ಎರಡು ದಿನ ಕಾಲ್ನಡಿಗೆಯಲ್ಲಿ

ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಇದು ಗೊತ್ತಿದ್ದೂ ನಾನು ಕೈಗಡಿಯಾರವನ್ನು ತಿರುಗಿಸಿಕೊಂಡಿರಲಿಲ್ಲ. ಮೊದಲ ಬೆಳಿಗ್ಗೆ ಹೋಟೆಲಿನಿಂದ ಹೊರಬಂದರೆ, ಬಸ್ಸು ತುಂಬ ಕುಳಿತಿದ್ದವರೆಲ್ಲ ನನ್ನೊಬ್ಬಳಿಗಾಗಿ ಕಾಯುತ್ತಿದ್ದರು.

ಆ ಬಸ್ಸಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸ್ವಯಂಭು, ಬೌದ್ಧನಾಥ ಸ್ತೂಪಗಳು, ಪಶುಪತಿನಾಥ ದೇಗುಲ, ಪಕ್ಕದ ಹಳೆಯ ರಾಜಧಾನಿ ಪಾಟನ್, ಎಲ್ಲವೂ ಒಂದೇ ದಿನಕ್ಕೆ. ಸ್ವಯಂಭುವಿನ ಪೂರ್ವದ 365 ಮೆಟ್ಟಿಲುಗಳ ಕಡೆ ಬಸ್ಸು ತಿರುಗಲೇ ಇಲ್ಲ. ಹಿಂದಿನ ರಸ್ತೆಯಿಂದ ಹತ್ತಿಸಿ ಇಪ್ಪತ್ತು ನಿಮಿಷ ಕೊಟ್ಟರು. ಆಮೇಲೆ ನಾದದ ಬಟ್ಟಲು ಮಾರುವ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ಪಾಟನ್ ತಲುಪಿದಾಗ ಕತ್ತಲಾಗಿತ್ತು. 1637ರಲ್ಲಿ ಕಟ್ಟಿದ ಕೃಷ್ಣ ಮಂದಿರದ ಕಲ್ಲಿನ ಶಿಖರಗಳನ್ನು ಅಂದಾಜಿನ ಮೇಲೆ ನೋಡಿದೆ. ದುಡ್ಡು ಕಟ್ಟುವ ಮುಂಚೆ 'ಎಷ್ಟು ಅಂಗಡಿಗೆ ಕರೆದೊಯ್ಯುತ್ತೀರಿ' ಎಂದು ಕೇಳಿ. ಉತ್ತರ ತಡವರಿಸಿದರೆ ಬಿಡಿ.

ಎರಡನೆಯ ದಿನ ಪರವಾನಗಿ ಇರುವ ಒಬ್ಬ ಗೈಡ್ ಜೊತೆ ಅರ್ಧ ದಿನ ಹಳೆಯ ಪೇಟೆಯಲ್ಲಿ ನಡೆದೆ. ಆತ ಅದೇ ಪೇಟೆಯಲ್ಲಿ ಹುಟ್ಟಿ ಬೆಳೆದ ನೇವಾರ, ಅಂದರೆ ಈ ಕಣಿವೆಯ ಮೂಲ ನಿವಾಸಿ. ಅಸನ್ ಮಾರುಕಟ್ಟೆಯಲ್ಲಿ ಒಣಮೀನು, ಸಾಸಿವೆ ಎಣ್ಣೆ, ಧೂಪದ ವಾಸನೆಗಳ ನಡುವೆ ನುಸುಳಿ ಬಾಂಗೆಮುಢಾ ಎಂಬ ಮೂಲೆಗೆ ಬಂದೆವು. ಅಲ್ಲಿ ಗೋಡೆಗೆ ಒರಗಿಸಿದ ಒಂದು ಮರದ ದಿಮ್ಮಿ. ಅದರ ಮೈತುಂಬ ಒಂದರ ಮೇಲೊಂದು ಮೊಳೆ ಹೊಡೆದು ಕೂರಿಸಿದ ನಾಣ್ಯಗಳು. ಮರ ಎಲ್ಲಿದೆ ಎಂದು ಹುಡುಕಬೇಕು. ಅದು ಹಲ್ಲುನೋವಿನ ದೇವರು, ವೈಶಾದೇವ. ನೋವು ಬಂದವರು ನಾಣ್ಯ ಹೊಡೆದು ಹರಕೆ ತೀರಿಸುತ್ತಾರೆ. ಸುತ್ತ ಕಣ್ಣಾಡಿಸಿದರೆ ದಂತವೈದ್ಯರ ಬೋರ್ಡುಗಳು! 'ದೇವರು ಕೈಬಿಟ್ಟರೆ ದೂರ ಹೋಗುವಂತಿಲ್ಲ' ಎಂದು ಗೈಡ್ ನಕ್ಕ. ಒಬ್ಬಳೇ ಹೋಗಿದ್ದರೆ ಅದನ್ನು ಹಳೆಯ ಕಟ್ಟಿಗೆ ಎಂದುಕೊಂಡು ದಾಟಿಬಿಡುತ್ತಿದ್ದೆ.

ಊರಿಗೆ ಹೆಸರು ಕೊಟ್ಟ ಕಾಷ್ಠಮಂಡಪ 2015ರ ಏಪ್ರಿಲ್ ಭೂಕಂಪದಲ್ಲಿ ನೆಲಸಮವಾಗಿ, ಮತ್ತೆ ಮರದಿಂದಲೇ ಎದ್ದು ನಿಂತಿದೆ. ಅಲ್ಲಿಂದ ನಾಲ್ಕು ಹೆಜ್ಜೆಗೆ 1757ರ ಕುಮಾರಿ ಮನೆ. ಶಾಕ್ಯ ಮನೆತನಗಳಿಂದ ಆರಿಸಿದ ಪುಟ್ಟ ಹುಡುಗಿ ಇಲ್ಲಿ ದೇವಿಯಾಗಿ ಬಾಳುತ್ತಾಳೆ, ಋತುಮತಿಯಾಗುವವರೆಗೆ ಮಾತ್ರ. ಅವಳ ಫೋಟೊ ತೆಗೆಯುವಂತಿಲ್ಲ. ಗೈಡ್ ಮೊದಲೇ ಅಲ್ಲಿದ್ದ ಎಲ್ಲರ ಮೊಬೈಲನ್ನೂ ಅವರವರ ಜೇಬಿಗೆ ಹಾಕಿಸಿದ. ಕೆತ್ತನೆಯ ಕಿಟಕಿಯಲ್ಲಿ ಅರ್ಧ ನಿಮಿಷ ಕಾಡಿಗೆ ತೀಡಿದ ಕಣ್ಣುಗಳು ಕಂಡವು. ನೆಂಟರು ಬಂದಾಗ ಆಟ ಬಿಡಿಸಿ ಕರೆತಂದ ಮಗುವಿನ ನೋಟವದು. ನನಗೆ ಕೈಮುಗಿಯಬೇಕೋ ಕ್ಷಮೆ ಕೇಳಬೇಕೋ ತಿಳಿಯಲಿಲ್ಲ.

ಪಶುಪತಿನಾಥಕ್ಕೆ ಮಾತ್ರ ಗೈಡ್ ಬೇಡ. ಬೆಳಗಿನ ಜಾವ ನೀವೇ ಹೋಗಿ. ಸೋಮವಾರ ಜನಜಂಗುಳಿ, ಶನಿವಾರ ನೇಪಾಳಕ್ಕೆ ವಾರದ ರಜೆ, ಎರಡನ್ನೂ ತಪ್ಪಿಸಿ. ಚರ್ಮದ ಬೆಲ್ಟು, ಪರ್ಸು ಹೋಟೆಲಿನಲ್ಲೇ ಇರಲಿ. ನಾಲ್ಕು ಮುಖದ ಲಿಂಗವನ್ನು ಮುಟ್ಟಿ ಪೂಜಿಸುವ ಭಟ್ಟರು ದಕ್ಷಿಣ ಭಾರತದಿಂದ ಬರುವವರು, ಅದರಲ್ಲೂ ನಮ್ಮ ಕರ್ನಾಟಕದವರು. ಕನ್ನಡದಲ್ಲಿ ಒಂದು ಮಾತಾಡಿಸುವ ಆಸೆಯಿತ್ತು, ಸಾಲು ನಿಲ್ಲಗೊಡಲಿಲ್ಲ. ಬಾಗ್ಮತಿಯ ಆಚೆ ದಡದ ಮೆಟ್ಟಿಲ ಮೇಲೆ ಕುಳಿತರೆ ಎದುರಿಗೆ ಆರ್ಯಘಾಟ್‌ನಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಅಲ್ಲಿ ಕ್ಯಾಮೆರಾ ಎತ್ತಬೇಡಿ, ಸುತ್ತ ಎಷ್ಟು ಜನ ಎತ್ತಿದ್ದರೂ.

ಕೆಲವು ಚಿಲ್ಲರೆ ಮಾತು. ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಒಂದನ್ನೇ ನೆಚ್ಚಿಕೊಂಡು ಹೊರಡಬೇಡಿ. ನಮ್ಮ ನೂರು ರೂಪಾಯಿಗೆ ಅಲ್ಲಿನ 160. ನೂರರ ನೋಟುಗಳನ್ನೇ ಒಯ್ದರೆ ತಕರಾರಿಲ್ಲ. ಟಿಕೆಟ್ ಕಟ್ಟೆಯಲ್ಲಿ ಭಾರತೀಯರೆಂದು ಗುರುತಿನ ಚೀಟಿ ತೋರಿಸಿ, ಸಾರ್ಕ್ ದೇಶಗಳವರಿಗೆ ದರ ಕಡಿಮೆ. ಸಸ್ಯಾಹಾರಿಗಳು 'ಬಫ್' ಎಂಬ ಪದ ನೆನಪಿಡಬೇಕು: ಅದು ಎಮ್ಮೆ ಮಾಂಸ, ಮೋಮೋದಲ್ಲಿ ಸಾಮಾನ್ಯ. ನೇವಾರರ 'ಬಾರಾ' ಕೇಳಿ ನೋಡಿ. ಬೇಳೆ ರುಬ್ಬಿ ಕಾವಲಿಯ ಮೇಲೆ ದಪ್ಪಗೆ ಹುಯ್ಯುತ್ತಾರೆ. ನಮ್ಮ ಉದ್ದಿನ ದೋಸೆಯ ಸೋದರಸಂಬಂಧಿ. ಮೇಲೆ ಮೊಟ್ಟೆ, ಮಾಂಸ ಹಾಕುವುದುಂಟು, ಬೇಡವೆಂದು ಮೊದಲೇ ಹೇಳಿಬಿಡಿ.

ಮೂರನೆಯ ದಿನವನ್ನು ಪೂರ್ತಿ ಹತ್ತಿರದ ಹಳೆಯ ಪಟ್ಟಣ ಭಕ್ತಪುರಕ್ಕೆ ಕೊಡಿ. 1702ರ ಐದಂತಸ್ತಿನ ನ್ಯಾತಪೋಲ ಗುಡಿ ಭೂಕಂಪಕ್ಕೂ ಜಗ್ಗಲಿಲ್ಲ. ಮೆಟ್ಟಿಲ ಇಕ್ಕೆಲದಲ್ಲಿ ಕೆಳಗಿನಿಂದ ಜಟ್ಟಿಗಳು, ಆನೆಗಳು, ಸಿಂಹಗಳು. ಪ್ರತಿ ಜೋಡಿಯೂ ಕೆಳಗಿನದಕ್ಕಿಂತ ಹತ್ತು ಪಟ್ಟು ಬಲಶಾಲಿಯಂತೆ. ಜಟ್ಟಿಗಳ ಪಕ್ಕದ ಮೆಟ್ಟಿಲಿನಲ್ಲಿ ಕುಳಿತು, ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ 'ಜುಜು ಧೌ' ತಿಂದೆ. ಹೆಸರಿನ ಅರ್ಥ ಮೊಸರಿನ ರಾಜ. ಚಮಚ ಇಳಿಸಿದರೆ ಬಿದ್ದ ಕುಳಿ ಹಾಗೇ ಉಳಿಯುತ್ತದೆ, ನೀರು ಒಸರುವುದಿಲ್ಲ. ಅದನ್ನು ಊರಿಗೆ ತರುವ ಯೋಚನೆ ಬೇಡ, ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ. ಅಲ್ಲೇ ಎರಡನೆಯ ಕುಡಿಕೆ ಕೊಳ್ಳಿ.