ಟಿಕೆಟ್‌ನಲ್ಲಿ 00:40 ಅಂತಿದ್ದರೆ ಮನೆಯಿಂದ ಹೊರಡುವುದು ಯಾವತ್ತು?

ಮಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಮಾಡಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಗಲ್ಫ್‌ಗೆ ಹೋಗುವವರೇ ಜಾಸ್ತಿ. "ದುಬೈಗೆ ಎಷ್ಟು ಹೊತ್ತು ಅಕ್ಕ?" ಅಂತ ದಿನಾ ಯಾರಾದರೂ ಕೇಳುತ್ತಾರೆ.

ನಮ್ಮ ಏರ್‌ಪೋರ್ಟ್ ಇರುವ ಬಜ್ಪೆಯಿಂದ ದುಬೈಗೆ ನೇರ ಲೆಕ್ಕದಲ್ಲಿ ಸುಮಾರು 2,450 ಕಿಲೋಮೀಟರ್. ಮೇಲೆ ಹೋದ ವಿಮಾನ ಗಂಟೆಗೆ 800 ಕಿಲೋಮೀಟರ್ ಆಸುಪಾಸಿನಲ್ಲಿ ಓಡುತ್ತದೆ. ಹಾಗಾದರೆ ಮೂರು ಗಂಟೆ ಸಾಕು ಅನಿಸುತ್ತದೆ ಅಲ್ವಾ? ಆದರೆ ಏರಲು, ಇಳಿಯಲು, ರನ್‌ವೇವರೆಗೆ ಹೋಗಲು ಸಮಯ ಬೇಕು. ಹೋಗುವಾಗ ಮೂರೂಮುಕ್ಕಾಲು ಗಂಟೆಯಾದರೆ ಬರುವಾಗ ಮೂರೂಕಾಲಕ್ಕೇ ಮುಗಿಯುವುದುಂಟು. ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಹೋಗುವಾಗ ಎದುರಾಗುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ.

ಟಿಕೆಟ್ ನೋಡಿದರೆ ಇದು ಉಲ್ಟಾ ಕಾಣುತ್ತದೆ. 00:40ಕ್ಕೆ ಹೊರಟು 02:55ಕ್ಕೆ ತಲುಪುತ್ತದೆ ಅಂತಿರುತ್ತದೆ. ಬರೀ ಎರಡೂಕಾಲು ಗಂಟೆ! ಬರುವಾಗ 19:30ಕ್ಕೆ ಹೊರಟರೆ 00:15. ನಾಲ್ಕೂಮುಕ್ಕಾಲು! ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಷ್ಟೇ ವಿಷಯ.

ಇದನ್ನೆಲ್ಲ ನಾನು ಚೆನ್ನಾಗಿ ವಿವರಿಸುತ್ತಿದ್ದೆ. ಆದರೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ದೊಡ್ಡ ತಪ್ಪು ಮಾಡಿದೆ. ವಿಟ್ಲದ ಕಡೆಯವರೊಬ್ಬರು ರಜೆ ಮುಗಿಸಿ ವಾಪಸ್ ಹೊರಟಿದ್ದರು. 15ನೇ ತಾರೀಕು, 00:40ರ ಫ್ಲೈಟ್. "ಹದಿನೈದಕ್ಕೆ, ರಾತ್ರಿ ಫ್ಲೈಟ್" ಅಂದು ಪ್ರಿಂಟ್ ಕೊಟ್ಟೆ.

ಹದಿನೈದರ ರಾತ್ರಿ ಒಂಬತ್ತೂವರೆಗೆ ಏರ್‌ಪೋರ್ಟ್‌ನಿಂದ ಅವರ ಫೋನ್ ಬಂತು. ಗೇಟಿನಲ್ಲಿ ಒಳಗೆ ಬಿಡುತ್ತಿಲ್ಲ ಎಂದರು. ಅವರು ಹತ್ತಬೇಕಿದ್ದ ವಿಮಾನ ಹಿಂದಿನ ರಾತ್ರಿಯೇ ಹೋಗಿಯಾಗಿತ್ತು. ಸ್ಕೂಟರ್ ಹತ್ತಿ ಬಜ್ಪೆಗೆ ಓಡಿದೆ. ಹಗ್ಗ ಸುತ್ತಿ ಬಿಗಿದ ರಟ್ಟಿನ ಪೆಟ್ಟಿಗೆ, ಮೇಲೆ ಮಾರ್ಕರ್‌ನಲ್ಲಿ ಬರೆದ ಹೆಸರು. ಅದರ ಮೇಲೆ ಮಗಳು ತಲೆಯಿಟ್ಟು ನಿದ್ದೆ ಹೋಗಿದ್ದಳು. ಕಳಿಸಿಕೊಡಲು ಮನೆಮಂದಿಯೆಲ್ಲ ಜೀಪಿನಲ್ಲಿ ಬಂದಿದ್ದರು. ಅವರು ಬೈಯಲಿಲ್ಲ. "ರಾತ್ರಿ ಅಂದಿದ್ರಿ ಅಲ್ವಾ ಅಕ್ಕ" ಅಂದರು, ಅಷ್ಟೇ. ಆ ಮಾತು ಈಗಲೂ ನೆನಪಾಗುತ್ತದೆ. ಅವರು ಹೇಳಿದ್ದು ಸರಿ. ನಮ್ಮ ಮಾತಿನಲ್ಲಿ ಹದಿನೈದರ ರಾತ್ರಿ ಅಂದರೆ ಹದಿನೈದರ ಹಗಲು ಕಳೆದ ಮೇಲೆ ಬರುವ ರಾತ್ರಿ. ಕಂಪ್ಯೂಟರಿಗೆ ಮಾತ್ರ ನಡುರಾತ್ರಿ ಹನ್ನೆರಡಕ್ಕೇ ತಾರೀಕು ಬದಲಾಗುತ್ತದೆ.

ಎರಡು ದಿನ ಬಿಟ್ಟು ಬೇರೆ ಟಿಕೆಟ್ ಸಿಕ್ಕಿತು. ಅರ್ಧ ದುಡ್ಡು ನನ್ನ ಸಂಬಳದಿಂದ ಕೊಟ್ಟೆ. ಕೊಡಲೇಬೇಕಿತ್ತು ಅಂತಲೇ ಈಗಲೂ ಅನಿಸುತ್ತದೆ.

ಅಲ್ಲಿಂದೀಚೆಗೆ ನಡುರಾತ್ರಿಯ ಫ್ಲೈಟ್ ಇದ್ದರೆ ತಾರೀಕು ಹೇಳಿ ಸುಮ್ನೆ ಬಿಡುವುದಿಲ್ಲ. ಮನೆ ಯಾವ ಊರು ಅಂತ ಕೇಳುತ್ತೇನೆ. ಮೂರು ಗಂಟೆ ಮೊದಲು ಏರ್‌ಪೋರ್ಟ್‌ನಲ್ಲಿ ಇರಬೇಕು, ದಾರಿಗೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕುತ್ತೇನೆ. ಆಮೇಲೆ ಪ್ರಿಂಟ್ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆಯುತ್ತೇನೆ: "ಸೋಮವಾರ ಸಂಜೆ 7ಕ್ಕೆ ಮನೆ ಬಿಡುವುದು." ಕರೆದುಕೊಂಡು ಹೋಗಲು ಬರುವವರಿಗೂ ಇನ್ನೊಂದು ಸಾಲು: "ಶನಿವಾರ ರಾತ್ರಿ 11ಕ್ಕೆ ಏರ್‌ಪೋರ್ಟ್‌ಗೆ ಬನ್ನಿ, ಭಾನುವಾರ ಅಲ್ಲ."