ಬಗ್ಸಿದೋನು ಎಲ್ಲೋದ?

ಭಾನುವಾರದಿಂದ ತಲೇಲಿ ಒಂದೇ ಪ್ರಶ್ನೆ ಓಡ್ತಿದೆ. ಕೇಳಿದ್ದು ನಮ್ಮ ದೊಡ್ಡಮ್ಮ.

ಅವತ್ತು ತಿಪಟೂರು ಹತ್ರ ಊರಿಗೆ ಹೋಗಿದ್ದೆ, ನನ್ನ ರಿಸರ್ಚ್ ಗೈಡ್ ಮುಖ ನೋಡೋಕೆ ಮನಸ್ಸಿರ್ಲಿಲ್ಲ ಅಂತಾನೇ ಹೋದೆ, ಸುಳ್ಯಾಕೆ. ಶುಕ್ರವಾರದ ಜೆಲ್ ಚೆನ್ನಾಗೇ ಬಂದಿತ್ತು. (ಜೆಲ್ ಅಂದ್ರೆ ಕರೆಂಟ್ ಕೊಟ್ಟು ಡಿಎನ್ಎ, ಪ್ರೋಟೀನು ಓಡಿಸೋ ತೆಳು ಪದರ, ಹಗುರದ್ದು ಕೆಳಗೆ ಓಡುತ್ತೆ, ಭಾರದ್ದು ಮೇಲೇ ನಿಲ್ಲುತ್ತೆ, ನಿಂತಲ್ಲಿ ಕಾಣೋ ಪಟ್ಟೇನೇ ಬ್ಯಾಂಡು.) ಪ್ರೊಜೆಸ್ಟರಾನ್ ರಿಸೆಪ್ಟರ್ (ಹಾರ್ಮೋನ್ ಮಾತು ಕೇಳಿ ಡಿಎನ್ಎ ಹಿಡ್ಕೊಳೋ ಪ್ರೋಟೀನು) ಒಂದೇ ಇದ್ರೆ ಡಿಎನ್ಎ ಮೇಲೆ ಕೂತಿದ್ಯೋ ಇಲ್ವೋ ಅನ್ನೋ ಹಾಗೆ ಮಾಸಲು ಬ್ಯಾಂಡು, ಅದಕ್ಕೇ ನಾನು ಕೆಲಸ ಮಾಡ್ತಿರೋ ಎಚ್ಎಂಜಿಬಿ-1 ಅನ್ನೋ ಪ್ರೋಟೀನು ಸೇರಿಸಿದ್ರೆ ಕಪ್ಪಗೆ, ದಪ್ಪಗೆ. ನಾನು ಖುಷೀಲಿ ತೋರಿಸ್ದೆ. ಅವ್ರು ಕನ್ನಡಕ ಮೇಲೆತ್ತಿ, 'ಬ್ಯಾಂಡ್ ಇದ್ದಲ್ಲೇ ಇದೆಯಲ್ಲಪ್ಪ, ನಿನ್ನ ಪ್ರೋಟೀನೂ ಅದರಲ್ಲಿ ಸೇರಿದ್ರೆ ತೂಕ ಜಾಸ್ತಿಯಾಗಿ ಇನ್ನೂ ಮೇಲೇ ನಿಲ್ಬೇಕಿತ್ತಲ್ವಾ, ಎಲ್ಲಿದೆ ಅದು?' ಅಂದ್ರು. ಒಳ್ಳೆಯವ್ರೇ, ಆದ್ರೆ ಎದುರಿಗಿರೋನು ನಗ್ತಿದ್ರೆ ಅವ್ರಿಗೆ ತಡ್ಕೊಳಕ್ಕಾಗಲ್ಲ.

ಈ ಪ್ರೋಟೀನಿನ ಕಥೆ ಕೇಳಿ. 1973ರಲ್ಲಿ ಲಂಡನ್‌ನಲ್ಲಿ ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದಿದ್ರು, ಜೆಲ್‌ನಲ್ಲಿ ಬೇರೆಯವಕ್ಕಿಂತ ಜೋರಾಗಿ ಓಡ್ತಿತ್ತು ಅಂತ ಹೈ ಮೊಬಿಲಿಟಿ ಗ್ರೂಪ್ ಅಂತ ಹೆಸರಿಟ್ರು. ಜೆಲ್‌ನಲ್ಲಿ ಓಡಿ ಹೆಸರು ತಗೊಂಡಿದ್ದು ನನ್ನ ಜೆಲ್‌ನಲ್ಲಿ ಮಾತ್ರ ಮುಖ ತೋರಿಸಲ್ಲ! ಡಿಎನ್ಎ ದಾರದ ಥರ ಅಂತ ಶಾಲೇಲಿ ಹೇಳ್ತಾರೆ, ಉದ್ದಕ್ಕೆ ದಾರಾನೇ, ಆದ್ರೆ 150 ಬೇಸ್ ಜೋಡಿಗಿಂತ (ಡಿಎನ್ಎ ಏಣಿಯ ಮೆಟ್ಟಿಲು ಅನ್ಕೊಳಿ) ಚಿಕ್ಕ ತುಂಡು ತಗೊಂಡ್ರೆ ಬಿದಿರುಕಡ್ಡಿ ಥರ ಸೆಟೆದು ನಿಂತಿರುತ್ತೆ, ರಿಸೆಪ್ಟರ್‌ಗೆ ಹಿಡಿತ ಸರಿಯಾಗಿ ಸಿಗಲ್ಲ. ಈ ಎಚ್ಎಂಜಿಬಿ-1 ಡಿಎನ್ಎ ಅಕ್ಷರ ಗಿಕ್ಷರ ಓದ್ತಾ ಕೂರಲ್ಲ, ಸಿಕ್ಕ ಕಡೆ ಡಿಎನ್ಎಯ ಸಣ್ಣ ತೋಡಿಗೆ ತೂರಿ ಬಗ್ಗಿಸಿಬಿಡುತ್ತೆ. ಅಷ್ಟೇ ಕೆಲಸ.

ಹಿತ್ತಲಲ್ಲಿ ದೊಡ್ಡಮ್ಮ ದೋಟಿಲಿ ಸೀಬೆ ಕೊಂಬೆ ಎಳ್ಕೊಂಡು ಹಿಡಿದಿದ್ರು, ನಮ್ಮಣ್ಣ ಕೀಳ್ತಿದ್ದ. (ಚಿಕ್ಕಂದಿನಿಂದ ಹಿಂಗೇ, ಹಿಡ್ಕೊಳೋರು ಇನ್ಯಾರೋ, 'ನಾನ್ ಕಿತ್ತಿದ್ದು' ಅನ್ನೋನು ಅವ್ನು.) 'ಐದ್ ವರ್ಷ ಆಯ್ತಲ್ಲೋ ಮಗ, ಬೆಂಗ್ಳೂರಲ್ಲಿ ಅದೇನ್ ಮಾಡ್ತೀಯ?' ಅಂದ್ರು. ನೀನ್ ಮಾಡ್ತಿರೋದನ್ನೇ ಮಾಡೋ ಒಂದು ಪ್ರೋಟೀನು ದೊಡ್ಡಮ್ಮ, ಕೊಂಬೆ ಬಗ್ಸುತ್ತೆ, ಇನ್ನೊಂದು ಬಂದು ಹಿಡ್ಕೊಳುತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, 'ಸರಿ, ಆಮೇಲೆ ಬಗ್ಸಿದೋನು ಎಲ್ಲೋದ?' ಅಂದ್ರು.

ಗೈಡ್ ಕೇಳಿದ್ದೂ ಇದನ್ನೇ. ಅವ್ರ ಮುಂದೆ ತಡವರಿಸಿದ್ದೆ, ಇಲ್ಲೂ ತಡವರಿಸ್ದೆ. ದೊಡ್ಡಮ್ಮನೇ ಅಂದ್ರು, 'ಬಿಟ್ಟಿರ್ತಾನೆ ಕಣ್ಲಾ, ಕೈ ನೋಯಲ್ವಾ?'

ಬಸ್ಸಲ್ಲಿ ವಾಪಸ್ ಬರೋವಾಗ ಅದೇ. ಕೈ ನೋಯಲ್ವಾ. ಯಾಕಂದ್ರೆ ಈ ಫೀಲ್ಡಲ್ಲಿ ಇರೋರು ಹೇಳೋದೂ ಅದನ್ನೇ, ಹೊಡೆದು ಓಡೋ ಗಿರಾಕಿ ಇದು, ಬಂದು ಬಗ್ಗಿಸಿ ಹೊರಟೋಗುತ್ತೆ, ನ್ಯೂಕ್ಲಿಯಸ್ಸಿನ ಈ ತುದಿಯಿಂದ ಆ ತುದಿಗೆ ಒಂದೆರಡು ಸೆಕೆಂಡಲ್ಲಿ ಓಡಾಡೋ ಅಂಥದ್ದು ಗಂಟೆಗಟ್ಟಲೆ ಓಡೋ ನನ್ನ ಜೆಲ್‌ನಲ್ಲಿ ಕೊಂಬೆ ಹಿಡ್ಕೊಂಡೇ ಕೂತಿರ್ಲಿ ಅಂದ್ರೆ ಹೆಂಗೆ? ಹಾಗಂತ ಇಲ್ದೇ ಇದ್ರೂ ನಡೆಯುತ್ತೆ ಅನ್ಕೋಬೇಡಿ. ಈ ಜೀನ್ ತೆಗೆದುಹಾಕಿದ ಇಲಿಮರಿಗಳು ಹುಟ್ಟಿದ 24 ಗಂಟೆಯೊಳಗೆ ರಕ್ತದಲ್ಲಿ ಸಕ್ಕರೆ ಇಳಿದು ಸತ್ತೋದ್ವು, 1999ರಲ್ಲೇ ತೋರಿಸಿದಾರೆ. ಜೀವಕೋಶದಲ್ಲೂ ಇದನ್ನ ಹೆಚ್ಚಿಗೆ ಕೊಟ್ರೆ ಪ್ರೊಜೆಸ್ಟರಾನ್ ರಿಸೆಪ್ಟರ್ ಕೆಲಸ 7ರಿಂದ 10 ಪಟ್ಟು ಏರಿದ್ದು 1998ರ ಪೇಪರಲ್ಲಿದೆ. ತಮಾಷೆ ಅಂದ್ರೆ ಎಲ್ರಿಗೂ ಸಹಾಯ ಮಾಡಲ್ಲ. ಈಸ್ಟ್ರೊಜೆನ್ ರಿಸೆಪ್ಟರ್‌ಗೆ ಮಾಡುತ್ತೆ, ವಿಟಮಿನ್ ಡಿ ರಿಸೆಪ್ಟರ್‌ಗೆ ಇಲ್ಲ, ನಮ್ಮ ಲ್ಯಾಬಲ್ಲಿ ಅದೇ ನೆಗೆಟಿವ್ ಕಂಟ್ರೋಲು (ಏನೂ ಆಗ್ಬಾರ್ದು ಅಂತ ಹೋಲಿಕೆಗೆ ಇಡೋದು), ಪಾಪ ಜೆಲ್‌ನಲ್ಲಿ ಆ ಸಾಲು ಯಾವಾಗ್ಲೂ ಖಾಲಿ. ಬರೀ ಬಗ್ಗಿಸೋದೇ ಆಗಿದ್ರೆ ಯಾರು ಬಂದ್ರೂ ಕೀಳ್ಬೋದಿತ್ತಲ್ಲ? ಅಂದ್ರೆ ಬಗ್ಗಿಸೋ ಹೊತ್ತಲ್ಲಿ ಪಕ್ಕದಲ್ಲಿ ಯಾರಿದಾರೆ ಅನ್ನೋದೂ ಇದಕ್ಕೆ ಲೆಕ್ಕಕ್ಕಿದೆ.

ದೊಡ್ಡಮ್ಮನೂ ಅಷ್ಟೇ, ಪಕ್ಕದ್ಮನೆ ಹುಡುಗ್ರು ಬಂದ್ರೆ ದೋಟಿ ಮುಟ್ಟಲ್ಲ. ದೊಡ್ಡಪ್ಪನ ಅಂಗಡಿ ನಿಂತಿದ್ದೂ ಅವ್ರಿಂದಾನೇ ಅಂತ ಮನೇಲಿ ಎಲ್ರಿಗೂ ಗೊತ್ತು, ಬೋರ್ಡಲ್ಲಿ ಮಾತ್ರ ದೊಡ್ಡಪ್ಪನ ಹೆಸ್ರು. ಒಂದಿನ ಕೇಳಿದ್ದೆ, ಬೇಜಾರಿಲ್ವಾ ಅಂತ. 'ಬೋರ್ಡ್ ಒರೆಸೋದೂ ನಾನೇ ಕಣೋ' ಅಂದಿದ್ರು. ಅದು ಬೇಜಾರೋ ತಮಾಷೆಯೋ ಇವತ್ತಿಗೂ ಗೊತ್ತಾಗಿಲ್ಲ.

ನಿನ್ನೆ ಪ್ರೋಟೀನುಗಳನ್ನ ಗೋಂದಿನ ಥರ ಅಂಟಿಸೋ ಗ್ಲುಟರಾಲ್ಡಿಹೈಡ್ ಹಾಕಿ ಕೊಂಬೆಗೆ ಕೈ ಅಂಟಿಸಿಯೇ ಬಿಡೋಣ, ಓಡೋಕೆ ಮುಂಚೆ ಹಿಡಿಯೋಣ ಅಂತ ಕೂತೆ. ಜಾಸ್ತಿ ಆಯ್ತು ಅನ್ಸುತ್ತೆ, ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಜೆಲ್ ಒಳಗೇ ಇಳೀದೆ ಮೇಲೆ ಸ್ಯಾಂಪಲ್ ಹಾಕೋ ಗುಂಡೀಲೇ ಕೂತಿದೆ, ಬ್ಯಾಂಡೇ ಇಲ್ಲ. ಸೋಮವಾರ ಅರ್ಧ ಹಾಕಿ ನೋಡ್ತೀನಿ.